ಹುಳುಕಡ್ಡಿಯಲ್ಲಿ ಹುಳ ಎಲ್ಲಿದೆ? ಕುದುರೆ ಲಾಯದ ಬೋರ್ಡಿಗೆ ಸರಿಯಾದ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಹುಳುಕಡ್ಡಿ, ಅಂದರೆ ಇಂಗ್ಲಿಷಿನಲ್ಲಿ ರಿಂಗ್‌ವರ್ಮ್ ಅನ್ನುವ ಚರ್ಮದ ಕಾಯಿಲೆ, ಅದಕ್ಕೆ ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ಸ್ವಲ್ಪ ಉದ್ದದ ಕತೆ. ಆದರೆ ಕತೆ ಹೇಳದೆ ಹೋದರೆ ಪದ ಯಾಕೆ ಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಬೆಂಗಳೂರಿನ ಉತ್ತರಕ್ಕೆ, ಊರಾಚೆ ಇರುವ ಒಂದು ಲಾಯದಲ್ಲಿ ನನ್ನ ಕುದುರೆ ಗೌರಿಯನ್ನು ಕಟ್ಟಿದ್ದೇನೆ. ಅಲ್ಲಿ ಒಟ್ಟು 14 ಕುದುರೆಗಳಿವೆ. ಅರ್ಧದಷ್ಟು ನಮ್ಮಂಥವರದು, ತಿಂಗಳಿಗೆ ಇಷ್ಟು ಅಂತ ಕೊಟ್ಟು ಬಿಟ್ಟಿರುವವು. ಉಳಿದವು ಮಕ್ಕಳಿಗೆ ಸವಾರಿ ಕಲಿಸುವ ಕುದುರೆಗಳು. ನೋಡಿಕೊಳ್ಳುವ ಹುಡುಗರು ಐದು ಜನ. ಲಾಯದಲ್ಲಿ ಅವರನ್ನು ಸೈಸ್ ಅಂತಲೇ ಕರೆಯುವುದು. ಎಲ್ಲಾ ಕುದುರೆಗೂ ನೀರಿನ ತೊಟ್ಟಿ ಒಂದೇ, ಮೈ ಉಜ್ಜುವ ಬ್ರಷ್‌ಗಳ ಡಬ್ಬವೂ ಒಂದೇ.

ಮಳೆ ಶುರುವಾದ ಮೇಲೆ ಒಂದು ಎಳೆಯ ಕುದುರೆಗೆ, ಜೀನಿನ ಹೊಟ್ಟೆಪಟ್ಟಿ ಉಜ್ಜುವ ಜಾಗದಲ್ಲಿ, ಅಲ್ಲಲ್ಲಿ ಕೂದಲು ನೆಟ್ಟಗೆ ನಿಂತುಕೊಂಡಿತು. ಬೆರಳಾಡಿಸಿದರೆ ಅವರೆಕಾಳಿನಷ್ಟು ಗಂಟು ಸಿಗುತ್ತಿತ್ತು. ನಾಲ್ಕೈದು ದಿನ ಬಿಟ್ಟು ಹಿಡಿದರೆ ಆ ಕೂದಲು ಬುಡಸಮೇತ ಕೈಗೆ ಬಂತು. ಕೆಳಗೆ ಬೂದು ಬಣ್ಣದ ಚರ್ಮ, ಮೇಲೆ ಹೊಟ್ಟು. ಡಾಕ್ಟರು ಬಂದು ಅಂಚಿನ ಕೂದಲು ಕಿತ್ತು, ಹೊಟ್ಟು ಕೆರೆದು, ಲ್ಯಾಬಿಗೆ ಕಳಿಸಿದರು. ಬಂದ ಉತ್ತರ ರಿಂಗ್‌ವರ್ಮ್. ಅದನ್ನು ತರುವ ಶಿಲೀಂಧ್ರದ ಹೆಸರು ಟ್ರೈಕೋಫೈಟನ್ ಈಕ್ವೈನಮ್. ಕುದುರೆಗಳಲ್ಲಿ ಜಾಸ್ತಿ ಕಾಣುವುದು ಇದೇ.

ಲಾಯದವರು ಅವತ್ತೇ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ರಿಂಗ್‌ವರ್ಮ್ ಅಂತ ಬರೆದು, ಎಚ್ಚರಿಕೆ ಅಂದರು. ತುಮಕೂರು ಕಡೆಯ ಒಬ್ಬ ಹುಡುಗನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ‘ವರ್ಮ್’ ಅನ್ನುವುದು ಅವನಿಗೆ ಗೊತ್ತಿರುವ ಪದ. ಕುದುರೆಗಳಿಗೆ ಆಗಾಗ ಬಾಯಿಗೆ ಹಾಕುವ ಜಂತಿನ ಪೇಸ್ಟ್ ಡಬ್ಬಿಯ ಮೇಲೂ ಅದೇ ಪದ ಇರುತ್ತದೆ. ಮರುದಿನ ಬೆಳಿಗ್ಗೆ ಅವನು ಎರಡು ಕುದುರೆಗೆ ಪೇಸ್ಟ್ ಹಾಕಿ, ಕೆಲಸ ಮುಗಿಯಿತು ಅಂದುಕೊಂಡ. ಅದರಿಂದ ಕುದುರೆಗಳಿಗೇನೂ ತೊಂದರೆ ಆಗಲಿಲ್ಲ. ಆದರೆ ಕಾಯಿಲೆ ಬಂದ ಕುದುರೆಗೆ ಉಜ್ಜಿದ ಬ್ರಷ್ ಅದೇ ಡಬ್ಬದಲ್ಲಿ ಉಳಿಯಿತು. ಮೂರನೇ ವಾರಕ್ಕೆ ಐದು ಕುದುರೆಗೆ ಬಂತು, ಗೌರಿಯ ಮುಖಕ್ಕೂ ಬಂತು. ಆಮೇಲೆ ಬೇರೆ ಬೇರೆ ಬ್ರಷ್ ತಂದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆ ಹುಡುಗನ ತಪ್ಪು ಅಂತ ನಾನು ಒಪ್ಪುವುದಿಲ್ಲ. ಬೋರ್ಡು ಹುಳ ಅಂದಿತು, ಅವನು ಹುಳಕ್ಕೆ ಔಷಧಿ ಹಾಕಿದ. ಈಗ ಕನ್ನಡದ ಬೋರ್ಡು ಬರೆಯುವ ಕೆಲಸ ನನಗೆ ಬಂದಿದೆ. ಬರೆಯಲು ಕೂತಾಗ ನಮ್ಮ ಪದದಲ್ಲೂ ಅದೇ ಹುಳ ಕೂತಿದೆ ಅನ್ನುವುದು ಕಂಡಿತು.

ಹುಳುಕಡ್ಡಿ. ನಾನು ಹುಟ್ಟಿ ಬೆಳೆದ ಹಳೇ ಮೈಸೂರಿನ ಕಡೆ ಇದಕ್ಕೆ ಇದೇ ಪದ. ಹುಳು ಸರಿ, ಕಡ್ಡಿ ಯಾಕೆ? ಚಿಕ್ಕವಳಿದ್ದಾಗ ಬೆಂಕಿಕಡ್ಡಿ, ಊದುಬತ್ತಿ ಕಡ್ಡಿಯ ಜೊತೆಗೆ ಇದನ್ನೂ ಸೇರಿಸಿಕೊಂಡಿದ್ದೆ. ಆದರೆ ಮಲಯಾಳದಲ್ಲಿ ಇಂಥ ಚರ್ಮದ ಕಾಯಿಲೆಗೆ ‘ಪುೞುಕ್ಕಡಿ’ ಅನ್ನುತ್ತಾರೆ. ಪುೞು (ೞ ಅನ್ನುವುದು ನಾವೀಗ ಳ ಅನ್ನುವ ಹಳೆಯ ಅಕ್ಷರ) ಅಂದರೆ ಹುಳು, ಕಡಿ ಅಂದರೆ ಕಚ್ಚುವುದು. ಹಳೆಗನ್ನಡದಲ್ಲೂ ಅದು ಪುೞುವೇ. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪುೞು ಹುಳುವಾಯಿತು. ಹಾಗಾದರೆ ನಮ್ಮ ‘ಕಡ್ಡಿ’ ಕೋಲಿನ ಕಡ್ಡಿಯಲ್ಲ, ಕಡಿಯುವ ‘ಕಡಿ’ ಅಂತ ನನ್ನ ಊಹೆ. ಮೈ ಕಡಿಯುತ್ತದೆ, ಕಡಿತ ಬಂದಿದೆ ಅಂತ ಈಗಲೂ ಹೇಳುತ್ತೇವಲ್ಲ, ಅದೇ ಕಡಿ. ಅರ್ಥ ಮರೆತ ಮೇಲೆ ಗೊತ್ತಿರುವ ‘ಕಡ್ಡಿ’ಯ ಕಡೆಗೆ ನಾಲಿಗೆ ವಾಲಿರಬಹುದು. ನಿಮ್ಮ ಊರಿನಲ್ಲಿ ಯಾರಾದರೂ ‘ಹುಳುಕಡಿ’ ಅಂತ ಒತ್ತಿಲ್ಲದೆ ಹೇಳುವುದನ್ನು ಕೇಳಿದ್ದೀರಾ? ಕೇಳಿದ್ದರೆ ಈ ಊಹೆಗೆ ಬಲ ಬರುತ್ತದೆ.

ಕೂದಲು ಉದುರಿದ ಜಾಗ ನೋಡಿದರೆ ಹುಳ ತಿಂದಿದೆ ಅಂತ ಅನಿಸುವುದು ನಮಗೆ ಮಾತ್ರ ಅಲ್ಲ. ತಲೆಯಲ್ಲಿ ಕಾಸಿನಗಲ ಕೂದಲು ಹೋಗುವ ಬೇರೆ ಒಂದು ಕಾಯಿಲೆಗೆ ತಮಿಳಿನಲ್ಲಿ ‘ಪುೞುವೆಟ್ಟು’, ತೆಲುಗಿನಲ್ಲಿ ‘ಪೇನುಕೊರುಕುಡು’. ಒಂದರಲ್ಲಿ ಹುಳ ಕತ್ತರಿಸಿತು, ಇನ್ನೊಂದರಲ್ಲಿ ಹೇನು ಕಡಿಯಿತು. ಡಾಕ್ಟರು ಚೀಟಿಯಲ್ಲಿ ಬರೆಯುವ ‘ಟೀನಿಯಾ’ ಅನ್ನುವ ಲ್ಯಾಟಿನ್ ಪದಕ್ಕೂ ಬಟ್ಟೆ ತಿನ್ನುವ ಹುಳ ಅಂತಲೇ ಅರ್ಥ. ಕಾಳು ಹುಳುಕು ಹಿಡಿಯುವುದನ್ನು, ಬಟ್ಟೆಗೆ ತೂತು ಬೀಳುವುದನ್ನು ದಿನಾ ನೋಡುವ ಜನ ಚರ್ಮದ ಮೇಲೂ ಅದನ್ನೇ ಕಂಡರು. ನೋಡಿ ಇಟ್ಟ ಹೆಸರು ಅದು. ನನಗೆ ಅದರ ಮೇಲೆ ಪ್ರೀತಿಯೇ ಇದೆ. ಲಾಯದಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಯಾಕೆಂದರೆ ಅಲ್ಲಿ ಹೊಟ್ಟೆಹುಳವೂ ಇದೆ, ಅದಕ್ಕೆ ಔಷಧಿಯೂ ಕಪಾಟಿನಲ್ಲೇ ಇದೆ.

ತುರಿ, ಕಜ್ಜಿ ಅಂತ ಬರೆಯೋಣ ಅಂದರೆ ಅದೂ ಸರಿಹೋಗುವುದಿಲ್ಲ. ಮನುಷ್ಯರಿಗೆ ಇದು ಬಂದರೆ ತುರಿಕೆ ಹೇಳತೀರದು. ಕುದುರೆಗಳಿಗೆ ಸಾಮಾನ್ಯವಾಗಿ ಅಷ್ಟು ತುರಿಸುವುದಿಲ್ಲ. ಗೌರಿ ಒಂದು ದಿನವೂ ಗೋಡೆಗೆ ಮುಖ ಉಜ್ಜಲಿಲ್ಲ. ‘ತುರಿ’ ಅಂತ ಬರೆದರೆ ಹುಡುಗರು ಮೈ ಉಜ್ಜುವ ಕುದುರೆಯನ್ನು ಹುಡುಕುತ್ತಾರೆ, ಸುಮ್ನೆ ನಿಂತಿರುವುದನ್ನು ಬಿಟ್ಟುಬಿಡುತ್ತಾರೆ. ಉಂಗುರ ಅಂದರೂ ಕಷ್ಟ. ಮನುಷ್ಯರ ಕೈ ಮೇಲೆ ಅಂಚು ಕೆಂಪಾಗಿ ಬಳೆಯ ಹಾಗೆ ಕಾಣುವುದು ನಿಜ. ಕುದುರೆಯ ಮೈ ಮೇಲೆ ಎಷ್ಟೋ ಸಲ ಅಂಥ ಆಕಾರವೇ ಇರುವುದಿಲ್ಲ, ಬರೀ ಬೋಳು ತೇಪೆ.

ಬೆಳಗಾವಿ ಕಡೆಯಿಂದ ಬಂದಿರುವ ಸೈಸ್ ಇದನ್ನು ‘ಗಜಕರ್ಣ’ ಅನ್ನುತ್ತಾರೆ. ಮರಾಠಿಯಲ್ಲೂ ಇದೇ ಪದ. ಉರ್ದು ಮಾತಾಡುವ ಇಬ್ಬರು ‘ದಾದ್’ ಅನ್ನುತ್ತಾರೆ. ಸಂಸ್ಕೃತದ ‘ದದ್ರು’ವಿನಿಂದ ಬಂದದ್ದು. ತೆಲುಗಿನ ‘ತಾಮರ’ ನನಗೆ ಬಹಳ ಹಿಡಿಸಿತು, ಕೆರೆಯ ತಾವರೆಗೂ ಈ ರೋಗಕ್ಕೂ ಒಂದೇ ಮಾತು. ತಮಿಳಿನವರು ‘ಪಡರ್‌ತಾಮರೈ’ ಅಂದರು, ಅಂದರೆ ಹಬ್ಬುವ ತಾವರೆ. ನೀರಿನ ಮೇಲೆ ಎಲೆ ದುಂಡಗೆ ಹರಡುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ.

ಒಂದು ಗಿಡದ ಮಾತನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ತಾನಾಗಿ ಏಳುವ ಚಗಟೆ, ಕೆಲವರು ತಗಚೆ ಅನ್ನುವ ಸೊಪ್ಪು, ಕರಾವಳಿಯಲ್ಲಿ ತುಳುವರು ತಜಂಕ್ ಅನ್ನುವುದು, ಅದಕ್ಕೆ ಸಂಸ್ಕೃತದಲ್ಲಿ ‘ಚಕ್ರಮರ್ದ’ ಅಂತ ಹೆಸರು. ‘ದದ್ರುಘ್ನ’ ಅಂತಲೂ ಇದೆ. ದದ್ರುವನ್ನು ಕೊಲ್ಲುವುದು, ಚಕ್ರವನ್ನು ತುಳಿಯುವುದು. ಆ ಚಕ್ರ ಈ ಚರ್ಮದ ಮೇಲಿನ ಚಕ್ರವೇ. ಗೌರಿಗೆ ನಾನು ಸೊಪ್ಪು ಅರೆದು ಹಚ್ಚಲಿಲ್ಲ, ಡಾಕ್ಟರು ಕೊಟ್ಟ ಶ್ಯಾಂಪೂವನ್ನೇ ಹಾಕಿದೆ. ಹೆಸರಿಗಾಗಿ ಹೇಳಿದೆ, ಅಷ್ಟೇ.

ಹಾಗಾದರೆ ಫಂಗಸ್‌ಗೆ ಏನು ಹೇಳುವುದು? ಪಠ್ಯಪುಸ್ತಕದ ‘ಶಿಲೀಂಧ್ರ’ ಬರೆದು ಹುಡುಗರಿಗೆ ತೋರಿಸಿದೆ. ಒಬ್ಬರಿಗೂ ತಿಳಿಯಲಿಲ್ಲ. ಜೀನು ಇಡುವ ಕೋಣೆಗೆ ಕರೆದುಕೊಂಡು ಹೋದೆ. ಮಳೆಯಲ್ಲಿ ನೆಂದು ಒಣಗದೆ ಉಳಿದ ಒಂದು ಹಳೇ ಜೀನಿನ ಕೆಳಗೆ ಬಿಳಿ-ಹಸಿರು ಪುಡಿ ಹತ್ತಿತ್ತು. ‘ಇದೇನು?’ ಅಂದೆ. ‘ಬೂಷ್ಟು ಅಕ್ಕ’ ಅಂದ ತುಮಕೂರಿನ ಹುಡುಗ. ಬೆರಳಲ್ಲಿ ಒರೆಸಿದ, ಬೆರಳಿಗೂ ಹತ್ತಿತು. ‘ಇದರ ಜಾತಿಯದೇ ಕುದುರೆ ಚರ್ಮಕ್ಕೂ ಹಿಡಿದಿರುವುದು’ ಅಂದೆ. ಅವನು ಬೆರಳನ್ನೇ ನೋಡುತ್ತಾ, ‘ಹಾಗಾದ್ರೆ ಬ್ರಷ್‌ಗೂ ಹತ್ತಿರುತ್ತೆ ಅಲ್ವಾ’ ಅಂದ. ಮೂರು ವಾರದಿಂದ ಬೋರ್ಡು ಹೇಳಬೇಕಾಗಿದ್ದ ಮಾತು ಅದು. ಒಂದೇ ಪದದಿಂದ ಅವನೇ ಅಲ್ಲಿಗೆ ಬಂದು ಮುಟ್ಟಿದ.

ಉಪ್ಪಿನಕಾಯಿಗೆ, ಬ್ರೆಡ್ಡಿಗೆ ಬರುವ ಬೂಷ್ಟು ಇದೇ ಅಲ್ಲ ಅನ್ನುವುದು ನನಗೆ ಗೊತ್ತು. ಆದರೆ ಗುಣ ಒಂದೇ. ತೇವದಲ್ಲಿ ಬೆಳೆಯುತ್ತದೆ, ಪುಡಿಯಾಗಿ ಉದುರುತ್ತದೆ, ಬಿದ್ದ ಕಡೆ ಕಾಯುತ್ತದೆ. ಲಾಯದ ಮರದ ಬಾಗಿಲಿನಲ್ಲಿ, ಬ್ರಷ್ಷಿನಲ್ಲಿ ಇದರ ಬೀಜ ವರ್ಷಕ್ಕಿಂತ ಹೆಚ್ಚು ಕಾಲ ಉಳಿಯಬಲ್ಲದು. ಹತ್ತಿದ ಮೇಲೆ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ವಾರ ಬೇಕು. ಹಾಗಾಗಿ ಚೆನ್ನಾಗಿ ಕಾಣುವ ಕುದುರೆಯ ಬ್ರಷ್ಷನ್ನೂ ನಂಬುವಂತಿಲ್ಲ. ‘ಬೂಷ್ಟು’ ಅಂದರೆ ಇಷ್ಟೂ ಒಳಗೇ ಬಂದುಬಿಡುತ್ತದೆ. ಕೆಲವು ಕಡೆ ‘ಬೂಸ್ಟು’, ಕೆಲವು ಕಡೆ ‘ಬೂಜು’ ಅನ್ನುತ್ತಾರೆ. ಎಲ್ಲರಿಗೂ ತಿಳಿಯುವುದು ಯಾವುದು?

ಕ್ರಿಯಾಪದದ ವಿಷಯಕ್ಕೂ ನಿಮ್ಮ ಮಾತು ಬೇಕು. ಅಂಟುತ್ತದೆ, ಹತ್ತುತ್ತದೆ, ತಗಲುತ್ತದೆ, ಸೋಂಕುತ್ತದೆ, ಹಬ್ಬುತ್ತದೆ, ಹಿಡಿಯುತ್ತದೆ. ನಮ್ಮಲ್ಲಿ ಎಷ್ಟು ಇವೆ ನೋಡಿ. ‘ಸೋಂಕು’ ಮೊದಲು ಬರೀ ಮುಟ್ಟುವುದು, ಗಾಳಿ ಸೋಕಿತು ಅನ್ನುವಾಗಿನ ಸೋಕು. 2020ರ ಮೇಲೆ ಅದು ಕೊರೊನಾದ ಪದವೇ ಆಗಿಬಿಟ್ಟಿತು. ಬೋರ್ಡಿನಲ್ಲಿ ಸೋಂಕು ಅಂತ ಬರೆದರೆ ಹುಡುಗರು ಮಾಸ್ಕ್ ಕೇಳುತ್ತಾರೆ. ‘ಅಂಟುರೋಗ’ ಅಂದರೆ ಮೈಗೆ ಮೈ ತಗಲಿದರೆ ಬರುವುದು ಅಂತ ಅರ್ಥ ಮಾಡಿಕೊಳ್ಳುತ್ತಾರೆ, ಕುದುರೆಯನ್ನು ದೂರ ಕಟ್ಟಿ ಅದರ ಕಂಬಳಿಯನ್ನು ಇನ್ನೊಂದಕ್ಕೆ ಹೊದಿಸುತ್ತಾರೆ. ‘ಹತ್ತುತ್ತದೆ’ ಸರಿ ಅನಿಸಿದೆ. ಬಣ್ಣ ಹತ್ತುತ್ತದೆ, ಕೆಸರು ಹತ್ತುತ್ತದೆ. ವಸ್ತುವಿನಿಂದ ವಸ್ತುವಿಗೆ ಹೋಗುವುದು ಆ ಮಾತಿನಲ್ಲಿ ಕಾಣುತ್ತದೆ.

ಬಟ್ಟೆ, ಪಾತ್ರೆ, ಹಗ್ಗ ಎಲ್ಲದರ ಮೂಲಕ ಹೋಗುವುದನ್ನು ಒಂದೇ ಮಾತಿನಲ್ಲಿ ಹೇಳುವ ಹಳೆಯ ಪದ ‘ಮೈಲಿಗೆ’. ಒಬ್ಬ ಹುಡುಗ ತಾನಾಗಿ ಅದನ್ನೇ ಹೇಳಿದ. ಅರ್ಥಕ್ಕೆ ಹೊಂದುತ್ತದೆ, ಆದರೂ ನಾನು ಬರೆಯುವುದಿಲ್ಲ. ಆ ಪದದಿಂದ ಎಷ್ಟು ಜನರನ್ನು ದೂರ ನಿಲ್ಲಿಸಿದ್ದೇವೆ ಅನ್ನುವುದು ನಮಗೆಲ್ಲ ಗೊತ್ತು. ಇಲ್ಲೇ ಅದರ ನೆರಳು ಕಂಡೆ. ಒಬ್ಬ ಸೈಸ್‌ನ ಮುಂಗೈಗೂ ಹುಳುಕಡ್ಡಿ ಬಂದಿತ್ತು. ‘ಕೊಳಕು ರೋಗ’ ಅಂತಾರೆ ಅನ್ನುವ ನಾಚಿಕೆಗೆ ಹತ್ತು ದಿನ ತುಂಬುತೋಳಿನ ಶರ್ಟು ಹಾಕಿ ಮುಚ್ಚಿಟ್ಟಿದ್ದ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆರಾಯ್ಡ್ ಇರುವ ಕ್ರೀಮ್ ತಂದು ಹಚ್ಚಿದ್ದ. ಮೊದಲು ಕೆಂಪು ಇಳಿಯಿತು, ಆಮೇಲೆ ಅಂಗೈ ಅಗಲ ಹಬ್ಬಿತು. ಸ್ಟೆರಾಯ್ಡ್ ಉರಿ ಅಡಗಿಸುತ್ತದೆ, ಬೂಷ್ಟಿಗೆ ಅದು ಅನುಕೂಲವೇ. ಚರ್ಮದ ಡಾಕ್ಟರಿಗೆ ತೋರಿಸಿದ ಮೇಲೆ ಈಗ ಇಳಿಯುತ್ತಿದೆ. ಅವನು ಮೊದಲ ದಿನವೇ ತೋಳು ತೋರಿಸುವಂತೆ ಆಗಬೇಕು. ಬೋರ್ಡಿನ ಒಂದೊಂದು ಪದವನ್ನೂ ನಾನು ಇಷ್ಟು ಹಿಂಜಿ ನೋಡುತ್ತಿರುವುದು ಅದಕ್ಕೇ.

ಕ್ವಾರಂಟೈನ್‌ಗೆ ಪತ್ರಿಕೆಗಳಲ್ಲಿ ‘ದಿಗ್ಬಂಧನ’ ಅಂತ ಓದಿದ ನೆನಪು. ಹುಡುಗರು ‘ಬೇರೆ ಕಟ್ಟೋದು’ ಅನ್ನುತ್ತಾರೆ. ಅದೇ ಸಾಕು.

ಇದು ಸದ್ಯಕ್ಕೆ ಬರೆದಿರುವುದು:

‘ಹುಳುಕಡ್ಡಿ, ಗಜಕರ್ಣ, ದಾದ್. ಇದು ಹುಳ ಅಲ್ಲ. ಚರ್ಮಕ್ಕೆ ಹಿಡಿಯುವ ಬೂಷ್ಟು. ಹೊಟ್ಟೆಹುಳದ ಪೇಸ್ಟ್ ಇದಕ್ಕೆ ಆಗುವುದಿಲ್ಲ. ಕೂದಲು ನಿಂತಿದ್ದರೆ, ಉದುರಿದ್ದರೆ ತಕ್ಷಣ ಹೇಳಿ. ಬಂದ ಕುದುರೆಯನ್ನು ಬೇರೆ ಕಟ್ಟಿ. ಅದರ ಬ್ರಷ್, ಜೀನು, ಕಂಬಳಿ, ಬಕೆಟ್ ಅದಕ್ಕೇ ಇರಲಿ, ಅವುಗಳಿಂದಲೂ ಹತ್ತುತ್ತದೆ. ಬೆಳಿಗ್ಗೆ ಚೆನ್ನಾಗಿರುವ ಕುದುರೆಗಳ ಕೆಲಸ ಮೊದಲು, ಇದರ ಕೆಲಸ ಕೊನೆಗೆ. ಬ್ರಷ್ ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಬ್ಲೀಚ್ ನೀರಿನಲ್ಲಿ ನೆನೆಸಿ. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ನಿಮ್ಮ ಮೈಗೆ ಬಂದರೆ ಮುಚ್ಚಿಡಬೇಡಿ. ಯಾರ ತಪ್ಪೂ ಅಲ್ಲ. ಸಂಬಳ ಮುರಿಯುವುದಿಲ್ಲ, ಔಷಧಿ ನಾವೇ ಕೊಡಿಸುತ್ತೇವೆ.’

ಕೊನೆಯ ಸಾಲಿಗೆ ಲಾಯದವರನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಒಪ್ಪಿದ್ದಾರೆ.

ಇನ್ನೊಂದು ಪದ ಸಿಕ್ಕಿಲ್ಲ. ಮಳೆಯಲ್ಲಿ ನೆನೆದ ಕುದುರೆಯ ಬೆನ್ನಿಗೆ ಹಕ್ಕಳೆ ಕಟ್ಟಿ, ಹಕ್ಕಳೆ ಎತ್ತಿದರೆ ಕೂದಲು ಬಣ್ಣದ ಕುಂಚದ ಹಾಗೆ ಗುಚ್ಛವಾಗಿ ಬರುವ ಬೇರೊಂದು ಕಾಯಿಲೆ ಇದೆ. ಅದು ಬೂಷ್ಟಲ್ಲ, ಬ್ಯಾಕ್ಟೀರಿಯಾ. ಔಷಧಿಯೂ ಬೇರೆ. ಎರಡನ್ನೂ ಹುಡುಗರು ಒಂದೇ ಅಂದುಕೊಳ್ಳುತ್ತಾರೆ. ದನಗಳಿಗೂ ಅದು ಬರುವುದರಿಂದ ಮಲೆನಾಡಿನವರಲ್ಲಿ, ದನ ಸಾಕುವವರಲ್ಲಿ ಅದಕ್ಕೊಂದು ಹೆಸರು ಇದ್ದೇ ಇರಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಗೌರಿಯ ಮುಖದ ಮೇಲೆ ಹೊಸ ಕೂದಲು ಬರುತ್ತಿದೆ, ಉಳಿದದ್ದಕ್ಕಿಂತ ಸ್ವಲ್ಪ ಕಪ್ಪಗೆ. ಕುದುರೆಗಳಲ್ಲಿ ಇದು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿಯೂ ಹೋಗುತ್ತದೆ. ಔಷಧಿ ಹಾಕುವುದು ಬೇಗ ಹೋಗಲಿ, ಇನ್ನೊಂದಕ್ಕೆ ಹತ್ತದಿರಲಿ ಅಂತ.

ಬೋರ್ಡು ಬರೆಯುವವರು ಶನಿವಾರ ಬೆಳಿಗ್ಗೆ ಬರುತ್ತಾರೆ. ಶುಕ್ರವಾರ ರಾತ್ರಿಯೊಳಗೆ ನಿಮ್ಮ ಊರಿನ ಪದ, ನಿಮ್ಮ ತಿದ್ದುಪಡಿ ಬರೆದು ಕಳಿಸಿದರೆ ಸೇರಿಸಿಕೊಳ್ಳುತ್ತೇನೆ. ಯಾವ ಊರು, ಯಾವ ತಾಲ್ಲೂಕು ಅನ್ನುವುದನ್ನೂ ಬರೆಯಿರಿ.