"ಉಪಪ್ರಮೇಯ" ಅಂದ್ರೆ "ಪರಿಣಾಮ" ಅಂತಾನಾ?

ಸಿಂಧನೂರಿನವ
ಎಲ್ಲರಿಗೂ ನಮಸ್ಕಾರ. ನಾನು ಒಂದು ಆಫೀಸಿನಲ್ಲಿ ಪತ್ರ, ಟಿಪ್ಪಣಿ ಬರೆಯುವ ಕೆಲಸ ಮಾಡ್ತೀನಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ವಿಷಯ ಒಂದು ಟಿಪ್ಪಣಿಯಲ್ಲಿ ಬಂತು. "ಇದರ ಉಪಪ್ರಮೇಯವಾಗಿ ಅಪಾರ ನೀರು ನದಿ ಪಾಲಾಯಿತು" ಅಂತ ಬರೆದೆ. ಸಾಹೇಬರು ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಇಟ್ಟು ವಾಪಸ್ ಕಳಿಸಿದರು. ಕಾರಣ ಹೇಳಲಿಲ್ಲ, ಕೇಳೋ ಧೈರ್ಯ ನನಗೂ ಇಲ್ಲ. 'ಪರಿಣಾಮ' ಆಗಲೇ ನಾಲ್ಕು ಸಲ ಬಂದಿತ್ತು, ಬೇರೆ ಪದ ಇರಲಿ ಅಂತ ಹಾಕಿದ್ದೆ ಅಷ್ಟೆ. ಇಂಗ್ಲಿಷಿನ ಕೊರೊಲರಿಗೆ ಕನ್ನಡದಲ್ಲಿ ಇದೇ ಅಲ್ವಾ?

ಲೆಕ್ಕದ ಮಾಸ್ತರ್, ಕೊಪ್ಪಳ
ಪದ ಅದೇ, ಕೂರಿಸಿದ ಜಾಗ ತಪ್ಪು. ಪ್ರಮೇಯ ಅಂದರೆ ಸಾಧಿಸಿ ತೋರಿಸಿದ ಮಾತು. ಅದನ್ನು ಒಪ್ಪಿದ ಮೇಲೆ ಹೆಚ್ಚು ಕಷ್ಟಪಡದೆ ತಾನಾಗೇ ಕೈಗೆ ಸಿಗೋದು ಉಪಪ್ರಮೇಯ. ತ್ರಿಭುಜದ ಮೂರು ಕೋನ ಸೇರಿ 180 ಡಿಗ್ರಿ. ಅಷ್ಟು ಒಪ್ಪಿದಿರಾ? ಹಾಗಾದರೆ ಲಂಬಕೋನ ತ್ರಿಭುಜದಲ್ಲಿ ಉಳಿದೆರಡು ಸೇರಿ 90 ಆಗಲೇಬೇಕು, ಒಂದೇ ತ್ರಿಭುಜದಲ್ಲಿ ಎರಡು ಲಂಬಕೋನ ಇರೋಕೂ ಆಗಲ್ಲ. 180 ಆದದ್ದು ನಿನ್ನೆ, 90 ಆದದ್ದು ಇವತ್ತು ಅಂತೇನೂ ಇಲ್ಲ ನೋಡಿ.

ಗೇಟಿನ ಕಥೆ ಬೇರೆ. ಚೈನು ತುಂಡಾಯಿತು, ಗೇಟ್ ಹೋಯಿತು, ಹೀಗಾಗಿ ನೀರು ನುಗ್ಗಿತು. ಒಂದಾದ ಮೇಲೆ ಒಂದು ನಡೆದದ್ದು. ಅವತ್ತು ಡ್ಯಾಮ್ ಖಾಲಿ ಇದ್ದಿದ್ದರೆ ಗೇಟ್ ಹೋದರೂ ಒಂದು ಹನಿ ಹೋಗುತ್ತಿರಲಿಲ್ಲ. ಅದು ಪರಿಣಾಮ. ಒಟ್ಟು 33 ಗೇಟು, ಒಂದು ಹೋಯಿತು ಅಂದಮೇಲೆ ಉಳಿದದ್ದು 32. ಇದನ್ನು ಬೇಕಾದರೆ ತಮಾಷೆಗೆ ಉಪಪ್ರಮೇಯ ಅನ್ನಿ.

ಬಳ್ಳಾರಿ ಬಿಸಿಲು
ಮಾಸ್ತರ್ ಗೊತ್ತಿಲ್ಲದೇನೇ ಎರಡೂ ಪದ ಸರಿಯಾಗಿ ಬಳಸಿದ್ದಾರೆ. ನೀರಿಗೆ 'ಹೀಗಾಗಿ', 32ಕ್ಕೆ 'ಅಂದಮೇಲೆ'. ನಮ್ಮ ಮಂದಿ ಮಾತಾಡುವಾಗ ಈ ಭೇದ ತಪ್ಪೋದು ಕಡಿಮೆ. "ಮಳಿ ಬಂತು, ಹಿಂಗಾಗಿ ಮೆಣಸಿನಕಾಯಿ ತೊಯ್ದವು" ಅಂತೀವಿ. "ಅವ ನಮ್ಮಣ್ಣನ ಮಗ ಅಂದಮ್ಯಾಲೆ ನಾ ಅವಂಗ ಕಾಕಾ" ಅಂತೀವಿ. ಅದಲು ಬದಲು ಮಾಡಿ ನೋಡಿ, ಕಿವಿಗೆ ಒಗ್ಗಲ್ಲ. ಬರವಣಿಗೆಗೆ ಕೂತಾಗ ಮಾತ್ರ ಎಲ್ಲದಕ್ಕೂ 'ಆದ್ದರಿಂದ' ಹಾಕಿ ಕೆಡಿಸ್ತೀವಿ.

ರಾತ್ರಿ ಓದುಗ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ, ಇದಕ್ಕೆ 'ಅರ್ಥಾಪತ್ತಿ' ಅಂತಾನೂ ಒಂದು ಪದ ಇದೆಯಲ್ಲ? ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣಲ್ಲ, ಅಂದಮೇಲೆ ರಾತ್ರಿ ಉಣ್ತಾನೆ ಅನ್ನೋದು.

ಲೆಕ್ಕದ ಮಾಸ್ತರ್, ಕೊಪ್ಪಳ
ಅದು ಮೀಮಾಂಸೆಯವರದ್ದು, ಅಂದರೆ ವೇದವಾಕ್ಯಗಳ ಅರ್ಥ ವಿಚಾರ ಮಾಡೋ ಹಳೆಯ ದರ್ಶನದವರದ್ದು. ಸ್ವಲ್ಪ ಹತ್ತಿರ, ಆದರೆ ದಿಕ್ಕು ಬೇರೆ. ಕಣ್ಣಿಗೆ ಕಾಣೋದು ಎರಡು, ಒಂದಕ್ಕೊಂದು ಹೊಂದಲ್ಲ, ಹೊಂದಬೇಕಾದರೆ ಮರೆಯಲ್ಲಿ ಇನ್ನೊಂದು ಇರಲೇಬೇಕು ಅಂತ ಹಿಂದಕ್ಕೆ ಹೋಗಿ ಹುಡುಕೋದು ಅದು.

ಅಂದಹಾಗೆ ಕೊರೊಲರಿಯ ಮೂಲ ಲ್ಯಾಟಿನ್ ಪದಕ್ಕೆ ಹೂವಿನ ಮಾಲೆಯ ನಂಟಿದೆ. ಆಮೇಲೆ ಅದು ಇನಾಮು, ಮೇಲಿಷ್ಟು ಕೊಡೋದು ಅನ್ನೋ ಅರ್ಥಕ್ಕೂ ಬಂತು. ನಾವು ತರಕಾರಿ ತೂಗಿಸಿಕೊಂಡ ಮೇಲೆ "ಕೊಸರು ಹಾಕ್ರಿ" ಅಂತೀವಲ್ಲ, ಅದೇ. ಕ್ಲಾಸಿನಲ್ಲಿ ನಾನು ಹೀಗೇ ಹೇಳೋದು: ಪ್ರಮೇಯ ಕೊಂಡ ಮಾಲು, ಉಪಪ್ರಮೇಯ ಕೊಸರು. ಹುಡುಗರು ಮರೆಯಲ್ಲ.

ಸಿಂಧನೂರಿನವ
ಎಲ್ಲರಿಗೂ ಥ್ಯಾಂಕ್ಸ್. 'ಪರಿಣಾಮವಾಗಿ' ಅಂತ ತಿದ್ದಿ ಕಳಿಸಿದೆ. ಇವತ್ತು ಮತ್ತೆ ವಾಪಸ್ ಬಂತು. ಈ ಸಲ ಸುತ್ತು ಬಿದ್ದದ್ದು 'ನದಿ ಪಾಲಾಯಿತು' ಮೇಲೆ. ನದಿಯ ನೀರು ನದಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಾರೆ.