ಮೈಸೂರಿನ ಹಳೆಯ ಮನೆಯನ್ನು ಮಾರಲು ಏಜೆಂಟರ ಅಗತ್ಯವಿದೆಯೇ?

ಪ್ರಶ್ನೆ
ತಂದೆಯವರ ಕಾಲಾನಂತರ ನಮ್ಮ ಮೂವರ ಪಾಲಿಗೆ ಬಂದಿರುವ ಕುವೆಂಪುನಗರದ ಮನೆಯನ್ನು ಮಾರಬೇಕೆಂದಿದ್ದೇವೆ. ನಾನು ಮತ್ತು ಅಕ್ಕ ಬೆಂಗಳೂರಿನಲ್ಲಿದ್ದೇವೆ, ತಮ್ಮ ಅಮೆರಿಕದಲ್ಲಿದ್ದಾನೆ. ಏಜೆಂಟರೊಬ್ಬರು ಶೇ 2ರಷ್ಟು ಕಮಿಷನ್ ಕೇಳುತ್ತಿದ್ದಾರೆ. ಜಾಹೀರಾತನ್ನು ನಾವೇ ಹಾಕಬಹುದಾದ ಈ ಕಾಲದಲ್ಲಿ, ಗಿರಾಕಿಯನ್ನು ಕರೆತರುವುದರ ಹೊರತಾಗಿ ಅವರಿಂದ ಆಗುವ ಕೆಲಸವೇನೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1
ನಾನು ಇದೇ ವೃತ್ತಿಯಲ್ಲಿದ್ದೇನೆ. ಗಿರಾಕಿ ಬರುವುದಕ್ಕೆ ಮುಂಚಿನ ಕೆಲಸವೇ ಹೆಚ್ಚು. ಮೂಲ ಕ್ರಯಪತ್ರ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದ ಹಕ್ಕುಪತ್ರ, ಇ-ಖಾತೆ (ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ), ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ), ವಂಶವೃಕ್ಷ, ಕಂದಾಯದ ರಸೀದಿಗಳನ್ನು ಜೋಡಿಸಿ, ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಅದನ್ನು ಮೊದಲು ನಿಮ್ಮ ಹೆಸರಿಗೆ ಮಾಡಿಸಬೇಕು. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಒಳ್ಳೆಯ ಏಜೆಂಟರು ಟೇಪು ಹಿಡಿದು ನಿವೇಶನವನ್ನು ಅಳೆದು, ಪತ್ರದ ಚೆಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿಯ ವಿವರ) ಸ್ಥಳದಲ್ಲಿರುವುದಕ್ಕೂ ತಾಳೆ ನೋಡುತ್ತಾರೆ. ಹಳೆಯ ಪತ್ರದಲ್ಲಿ ಪೂರ್ವಕ್ಕೆ ಖಾಲಿ ನಿವೇಶನವೆಂದಿದ್ದು ಈಗ ಅಲ್ಲಿ ಕಾಂಪೌಂಡ್ ಅರ್ಧ ಅಡಿ ಒಳಗೆ ಬಂದಿದ್ದರೆ, ಅದು ಖರೀದಿದಾರರ ಬ್ಯಾಂಕಿನ ವಕೀಲರ ಕಣ್ಣಿಗೆ ಬೀಳುವ ಮೊದಲೇ ನಿಮಗೆ ತಿಳಿದಿರಬೇಕು. ಬೆಲೆಯ ವಿಷಯಕ್ಕೆ ಬಂದರೆ, ಜಾಹೀರಾತಿನಲ್ಲಿ ಕಾಣುವುದು ಮಾಲೀಕರು ಕೇಳುವ ದರ. ಅದೇ ಬೀದಿಯಲ್ಲಿ ವ್ಯವಹಾರ ಯಾವ ದರಕ್ಕೆ ಕುದುರಿತೆಂಬುದು ಅಲ್ಲಿ ಓಡಾಡುವವರಿಗೆ ಮಾತ್ರ ಗೊತ್ತಿರುತ್ತದೆ.

ಉತ್ತರ 2
ಮೇಲಿನವರ ಮಾತು ನಿಜ, ಆದರೆ ಒಂದು ಲೆಕ್ಕವನ್ನೂ ನೋಡಿ. ನೀವು ಪಟ್ಟು ಹಿಡಿದು 5 ಲಕ್ಷ ಹೆಚ್ಚಿಗೆ ಪಡೆದರೆ ಶೇ 2ರ ಲೆಕ್ಕದಲ್ಲಿ ಏಜೆಂಟರಿಗೆ ಸಿಗುವುದು 10 ಸಾವಿರ ಮಾತ್ರ. ಕೊಳ್ಳುವವರಿಂದಲೂ ಕಮಿಷನ್ ಪಡೆಯುವವರಿಗೆ ವ್ಯಾಪಾರ ಬೇಗ ಮುಗಿಯುವುದೇ ಮುಖ್ಯವಾಗುವುದು ಸಹಜ. ಆದ್ದರಿಂದ ಕಮಿಷನ್ ಎಷ್ಟು, ಯಾವ ಹಂತದಲ್ಲಿ ಕೊಡಬೇಕು, ಎಷ್ಟು ತಿಂಗಳ ಮಟ್ಟಿಗೆ ಅವರೊಬ್ಬರಿಗೇ ವಹಿಸುತ್ತೀರಿ ಎಂಬುದನ್ನು ಬರವಣಿಗೆಯಲ್ಲಿಡಿ. "ನಿಮಗೆ ಇಷ್ಟು ಕೊಡಿಸುತ್ತೇನೆ, ಮೇಲೆ ಬಂದದ್ದು ನನ್ನದು" ಎನ್ನುವವರಿಗೆ ಮಾತ್ರ ದಯವಿಟ್ಟು ಒಪ್ಪಬೇಡಿ. ಅಂಥವರು ಅಲ್ಪ ಮುಂಗಡ ಕೊಟ್ಟು ತಮ್ಮ ಹೆಸರಿಗೇ ಅಗ್ರಿಮೆಂಟ್ ಹಾಕಿಸಿಕೊಂಡು ಮನೆಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುವುದನ್ನು ಬಹಳ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ನನ್ನ ತಮ್ಮನಿಗೆ ರುಜು ಹಾಕಲು ಬರಲಾಗದಿದ್ದರೆ ಅದನ್ನೂ ಏಜೆಂಟರೇ ನೋಡಿಕೊಳ್ಳುತ್ತಾರೆಯೇ?

ಉತ್ತರ 3
ಅದು ವಕೀಲರ ಮತ್ತು ಲೆಕ್ಕಪರಿಶೋಧಕರ ಕೆಲಸ. ನಿಮ್ಮ ತಮ್ಮ ಅಮೆರಿಕದ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸುವ ಅಧಿಕಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ), ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಅಕ್ಕನ ಹೆಸರಿಗೋ ನಿಮ್ಮ ಹೆಸರಿಗೋ ಕೊಡಲಿ, ಏಜೆಂಟರ ಹೆಸರಿಗೆ ಖಂಡಿತ ಬೇಡ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಮ್ಮಿಬ್ಬರ ಪಾಲಿನಿಂದ ಖರೀದಿದಾರರು ಶೇ 1ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ. ನಿಮ್ಮ ತಮ್ಮ ಅನಿವಾಸಿಯಾದ್ದರಿಂದ ಅವರ ಪಾಲಿನ ಮೇಲೆ ಕಡಿತ ಇದಕ್ಕಿಂತ ಬಹಳ ಹೆಚ್ಚು. ಅದನ್ನು ತಗ್ಗಿಸುವ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅಗ್ರಿಮೆಂಟ್ ಆದ ಕೂಡಲೇ ಅರ್ಜಿ ಹಾಕಿಸಿ, ನೋಂದಣಿಯ ದಿನವನ್ನು ಆ ಪತ್ರ ಕೈಸೇರಿದ ಮೇಲೆ ಗೊತ್ತುಮಾಡಿ.