ಗೂಗಲಲ್ಲಿ ಗಿರಾಕಿಗಳ ಬಿಲ್ಲು ಕಾಣ್ತಾ ಉಂಟು, ತೆಗೆಯುವುದು ಹೇಗೆ?

ಅಡ್ಮಿನ್: ವೆಬ್‌ಸೈಟ್ ಸಂಶಯ ಇದ್ರೆ ಇಲ್ಲಿ ಕೇಳಿ, ಪೆರ್ಲದ ಡೆವಲಪರ್ ಅಣ್ಣ ಇದ್ದಾರೆ.

ಬದಿಯಡ್ಕ ಅಡಿಕೆ ಅಂಗಡಿ: ಅಣ್ಣ, ನಮ್ಮ ಬಿಲ್ಲಿಂಗ್ ಆಪ್‌ನ ಪೇಜುಗಳು ಗೂಗಲಲ್ಲಿ ಬರ್ತಾ ಉಂಟು. ಒಬ್ರು ಗಿರಾಕಿ ಅವರ ಹೆಸರು ಹುಡುಕಿದ್ರೆ ಅವರದ್ದೇ ಬಿಲ್ಲು ಬಂತಂತೆ, ಫೋನ್ ನಂಬರ್ ಸಮೇತ. ಆಪ್ ಮಾಡಿದ ಹುಡುಗ ರೋಬೋಟ್ಸ್ ಫೈಲಲ್ಲಿ (ಗೂಗಲಿನಂಥವರಿಗೆ ಸೈಟಲ್ಲಿ ಇಡುವ robots.txt ಸೂಚನೆ) ಡಿಸಲೋ ಹಾಕಿ ಮೂರು ವಾರ ಆಯ್ತು, ಹೋಗ್ಲಿಲ್ಲ.

ಪೆರ್ಲ ಡೆವಲಪರ್: ಅದು ಹಾಕಿದ್ದಕ್ಕೇ ಹೋಗದ್ದು. ರೋಬೋಟ್ಸ್ ಫೈಲು ಹೇಳುವುದು ಈ ಪೇಜ್ ಓದ್ಬೇಡ ಅಂತ, ಪಟ್ಟಿಯಿಂದ ತೆಗಿ ಅಂತ ಅಲ್ಲ. ಪೇಜಿನ ಒಳಗೆ ನೋಇಂಡೆಕ್ಸ್, ಅಂದ್ರೆ ಪಟ್ಟಿಗೆ ಸೇರಿಸ್ಬೇಡ ಅಂತ, ಬರೆದ್ರೂ ಗೂಗಲ್ ಬಂದು ಓದಿದ್ರೆ ತಾನೇ ಗೊತ್ತಾಗುವುದು? ಡಿಸಲೋ ತೆಗೀರಿ, ನೋಇಂಡೆಕ್ಸ್ ಹಾಕಿ, ಪಿಡಿಎಫ್ ಬಿಲ್ಲಾದ್ರೆ ನೋಇಂಡೆಕ್ಸ್ ಬರೆಯುವ ಮೆಟಾ ಟ್ಯಾಗಿಗೆ ಜಾಗ ಇಲ್ಲ, ಸರ್ವರ್ ಫೈಲಿನೊಟ್ಟಿಗೆ ಕಳಿಸುವ ಹೆಡರಲ್ಲಿ ಎಕ್ಸ್-ರೋಬೋಟ್ಸ್-ಟ್ಯಾಗ್ ಅಂತ ಅದೇ ನೋಇಂಡೆಕ್ಸ್ ಕಳಿಸ್ಬೇಕು. ಆದ್ರೆ ನನಗೆ ಹೆದರಿಕೆ ಅದಲ್ಲ ಮಾರಾಯ್ರೆ, ಲಾಗಿನ್ ಇಲ್ಲದೆ ಗೂಗಲಿಗೆ ಬಿಲ್ಲು ಸಿಕ್ಕಿದ್ದು ಹೇಗೆ? ಲಿಂಕಿನ ಕೊನೆಗೆ 1043 ಇದ್ರೆ 1044 ಮಾಡಿ ನೋಡಿ, ಬೇರೆಯವರದ್ದು ಬರ್ತದಾ?

ಬದಿಯಡ್ಕ ಅಡಿಕೆ ಅಂಗಡಿ: ಬರ್ತದೆ ಅಣ್ಣ.

ಪೆರ್ಲ ಡೆವಲಪರ್: ಹಾಗಾದ್ರೆ ಗೂಗಲ್ ಆಮೇಲೆ. ಇವತ್ತೇ ಲಾಗಿನ್ ಹಾಕಿಸಿ, ಅವರವರ ಬಿಲ್ಲು ಅವರವರಿಗೆ ಮಾತ್ರ ಕಾಣ್ಬೇಕು. ಮತ್ತೆ ಸರ್ಚ್ ಕನ್ಸೋಲಲ್ಲಿ (ಸೈಟಿನವರಿಗೆ ಗೂಗಲ್ ಕೊಡುವ ಟೂಲ್) ರಿಮೂವಲ್ ಕೊಡಿ, ಬೇಗ ಮರೆಯಾಗ್ತದೆ, ಆದ್ರೆ ಅದು ಸುಮಾರು 6 ತಿಂಗಳಿಗೆ ಮಾತ್ರ.

ಕುಂಬಳೆ ಮಾಷ್ಟ್ರು: ಫಾರ್ವರ್ಡ್ ಬಂದದ್ದು: ರೋಬೋಟ್ಸ್ ಫೈಲಲ್ಲೇ ನೋಇಂಡೆಕ್ಸ್ ಅಂತ ಒಂದು ಗೆರೆ ಬರೆಯಿರಿ, 24 ಗಂಟೆಯಲ್ಲಿ ಎಲ್ಲ ಮಾಯ!!

ಪೆರ್ಲ ಡೆವಲಪರ್: ಮಾಷ್ಟ್ರೇ, ಆ ಗೆರೆಯನ್ನು ಲೆಕ್ಕಕ್ಕೆ ತೆಗೊಳ್ಳುವುದನ್ನು ಗೂಗಲ್ 2019 ಸೆಪ್ಟೆಂಬರ್ 1ಕ್ಕೇ ಬಿಟ್ಟಾಗಿದೆ. ದಯವಿಟ್ಟು ಯಾರೂ ಅದನ್ನು ಮಾಡ್ಲಿಕ್ಕೆ ಹೋಗ್ಬೇಡಿ.

ಉಪ್ಪಳ ಮೊಬೈಲ್: ರೋಬೋಟ್ಸ್ ಫೈಲ್ ಹಾಕಿದ್ರೆ ಸಾಕಲ್ವಾ? ನಾನು ಅಡ್ಮಿನ್ ಪೇಜ್ ಅದ್ರಲ್ಲೇ ಅಡಗಿಸಿಟ್ಟದ್ದು.

ಪೆರ್ಲ ಡೆವಲಪರ್: ಆ ಫೈಲು ಯಾರು ಬೇಕಾದ್ರೂ ತೆರೆದು ಓದ್ಬಹುದು. ನೀವು ಅಡಗಿಸಿದ್ದಲ್ಲ, ಬೋರ್ಡು ಹಾಕಿದ್ದು.

ಮಂಜೇಶ್ವರ 2: ಕಮ್ಮಿ ರೇಟಿಗೆ ಕಲಿಯುವ ಮಕ್ಕಳ ಹತ್ರ ಆಪ್ ಮಾಡಿಸಿದ್ರೆ ಹೀಗೇ.

ಮುಳ್ಳೇರಿಯ ಅಕ್ಕ: ನನ್ನ ಮಗನೂ ಕಲಿಯುವವನೇ. ಅವ ಲಾಗಿನ್ ಇಲ್ಲದ್ದು ಒಂದೂ ಮಾಡ್ಲಿಲ್ಲ.

ಮಂಜೇಶ್ವರ 2: ನಿಮ್ಮ ಮಗನಿಗೆ ಯಾರು ಎಂತ ಹೇಳಿದ್ದು? ಎಲ್ಲ ನಿಮ್ಮ ತಲೆಗೇ ಹಾಕಿಕೊಳ್ಳುದ್ಯಾಕೆ?

ಮುಳ್ಳೇರಿಯ ಅಕ್ಕ: ಮಕ್ಕಳು ಅಂದದ್ದು ಯಾರನ್ನು ಮತ್ತೆ? ನೀವು ಮಾಡಿದ ಒಂದು ಆಪ್ ತೋರಿಸಿ ನೋಡುವ.

ನೀರ್ಚಾಲು: ಟೆಸ್ಟಿಂಗ್ ಸೈಟ್ ಕೂಡ ಗೂಗಲಲ್ಲಿ ಬರ್ತಾ ಉಂಟು, ಎಂತ ಮಾಡುವುದು?

ಕುಂಬಳೆ ಮಾಷ್ಟ್ರು: ರೋಬೋಟ್ಸ್ ಫೈಲ್ ಹಾಕಿ ಸರ್.

ಪೆರ್ಲ ಡೆವಲಪರ್: ಮಾಷ್ಟ್ರೇ, ಮೇಲೆ ಓದಿ.

ಬದಿಯಡ್ಕ ಅಡಿಕೆ ಅಂಗಡಿ: ಹುಡುಗ ಫೋನ್ ತೆಗೀತಾ ಇಲ್ಲ. ಸರ್ವರ್ ಪಾಸ್‌ವರ್ಡ್ ಅವನ ಹತ್ರವೇ.

ಪೆರ್ಲ ಡೆವಲಪರ್: ಡೊಮೇನ್ ಯಾರ ಹೆಸರಲ್ಲಿ?

ಬದಿಯಡ್ಕ ಅಡಿಕೆ ಅಂಗಡಿ: ಅದೂ ಅವನದ್ದೇ.

ಮಂಜೇಶ್ವರ 2: ಲಿಂಕ್ ಹಾಕಿ, ನೋಡುವ.

ಪೆರ್ಲ ಡೆವಲಪರ್: ಹಾಕ್ಬೇಡಿ!! ಇನ್‌ಬಾಕ್ಸಿಗೆ ಬನ್ನಿ.